ಜೇನಿಲ್ಲದ ಊರಿನ ಮೆಣಸಿನಗಿಡ

ಮಣ್ಣು ಕೊಟ್ಟು, ಹಾಲು-ತುಪ್ಪ ಬಿಟ್ಟು, ಬಂದ ಬೀಗರೆಲ್ಲ ಅವರವರ ಊರಿಗೆ ಹೋದ ಮರುದಿನ ಬೆಳಗ್ಗೆ ನಳಕ್ಕೆ ನೀರು ಬಂತು. ಬ್ಯಾಡಗಿಯಲ್ಲಿ ನಳಕ್ಕೆ ನೀರು ಬಂದರೆ ಎಂಥ ದುಃಖವಾದರೂ ಸ್ವಲ್ಪ ಹೊತ್ತು ಹೊಸ್ತಿಲಾಚೆ ನಿಲ್ಲಬೇಕು. ದೇವವ್ವ ಸೊಸೆಯನ್ನು ಕೂಗಲಿಲ್ಲ. ತಾನೇ ಕೊಡ ಎತ್ತಿಕೊಂಡು ಹೋದಳು. ಮಗನನ್ನು ಕಳೆದುಕೊಂಡ ಮುದುಕಿ ಕೊಡ ಹೊರುವ ಸದ್ದು ಕೇಳಿ ಸೊಸೆ ನೀಲಾಂಬಿಕಾ ಎದ್ದಳು. ಎದ್ದವಳು ನಳದ ಕಡೆ ಹೋಗದೆ, ರೂಢಿ ಬಿದ್ದ ಕಾಲು ಒಯ್ದಲ್ಲಿಗೆ ಹೋಗಿ, ಪಡಸಾಲೆಯ ಗಾಜಿನ ಕಪಾಟಿನ ಮುಂದೆ ನಿಂತಳು.

ಅದು ಬೇಕರಿ ಸಲಾವುದ್ದೀನನ ಹಳೆಯ ಕಪಾಟು. ಮೂರು ಕಡೆ ಗಾಜು, ಹಿಂದೆ ಕೀಲಿ ಹಾಕುವ ಹಲಗೆಯ ಬಾಗಿಲು, ಬಾಗಿಲಲ್ಲಿ ಹವೆಯಾಡಲೆಂದು ಕೊರೆದ ಎರಡು ದುಂಡನೆಯ ಕಿಂಡಿ. ಖಾರಿ, ಟೋಸ್ಟು, ಬೆಣ್ಣೆ ಬಿಸ್ಕೀಟು ಇಡುತ್ತಿದ್ದ ಆ ಕಪಾಟನ್ನು ಅವಳ ಗಂಡ ಪರಮೇಶಪ್ಪ ಎರವಲು ತಂದು, ತಳದಲ್ಲಿ ಮಣ್ಣು ತುಂಬಿ, ಮೆಣಸಿನ ಸಸಿ ನೆಟ್ಟು, ನೀರುಣಿಸಿ, ಸಂದಿ ಸಂದಿಗೂ ಪುಟ್ಟಿ ಮೆತ್ತಿ ಮುಚ್ಚಿಬಿಟ್ಟಿದ್ದ. ಕಿಂಡಿಗಳಿಗೂ ಒಳಗಿನಿಂದ ರಟ್ಟು ಅಂಟಿಸಿದ್ದ. ಹೊರಗಿನ ಹವೆ ಒಳಗಿಲ್ಲ, ಒಳಗಿನದು ಹೊರಗಿಲ್ಲ. ಮಂಗಳ ಗ್ರಹದಲ್ಲಿ ಮನುಷ್ಯ ಮನೆ ಹೂಡಿದರೆ ಅದು ಹೀಗಿರುತ್ತದೆ ಎಂದು ಜಿಲ್ಲೆಯ ವಿಜ್ಞಾನ ಪ್ರದರ್ಶನದಲ್ಲಿ ತೋರಿಸಬೇಕೆಂಬುದು ಅವನ ಆಸೆ. ಆ ವರ್ಷ ಪ್ರದರ್ಶನ ಹಾವೇರಿಯಲ್ಲಿ ನಡೆಯಲಿತ್ತು. ಶಾಲೆಯ ಕೋಣೆಗಳಲ್ಲಿ ಬಿಸಿಲು ಬೀಳದೆಂದು ಕಪಾಟು ಮನೆಯಲ್ಲೇ ಇತ್ತು.

ದಿನಾ ಬೆಳಗ್ಗೆ ಅವನು ರೇಡಿಯೋದವರ ಧಾಟಿಯಲ್ಲಿ ಕೂಗುತ್ತಿದ್ದ: "ಮಂಗಳದಾಗ ಇವತ್ತ ಮಂಜ ಬಿದ್ದೈತಿ. ಜನ ಆರಾಮ ಅದಾರ."

ಇವತ್ತೂ ಗಾಜಿನ ಒಳಮೈಗೆ ಮಂಜು ಹಿಡಿದಿತ್ತು. ಹನಿಗೂಡಿ ಇಳಿದು ಮಣ್ಣು ಸೇರುತ್ತಿತ್ತು. ಕೂಗಿ ಹೇಳುವವನಿಲ್ಲದಿದ್ದರೂ ಅದು ತನ್ನ ಕೆಲಸ ನಿಲ್ಲಿಸಿರಲಿಲ್ಲ. ಗಿಡದ ಬುಡದಲ್ಲಿ ಮಾತ್ರ ಬಿಳಿಯ ಹೂಗಳು ಉದುರಿ ಬಿದ್ದಿದ್ದವು. ಹೂ ಬಿಡುವುದು, ಉದುರುವುದು. ಇಷ್ಟು ದಿನವಾದರೂ ಒಂದೇ ಒಂದು ಕಾಯಿ ಕಟ್ಟಿರಲಿಲ್ಲ.

ಯಾಕೆಂದು ಅವಳಿಗೆ ಗೊತ್ತಿತ್ತು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿದವಳು. ಅದಕ್ಕೂ ಮೊದಲು ಕುಪ್ಪೇಲೂರಿನ ಹುಡುಗಿ. ಗಂಡನಿಗೆ ಹೇಳಿಯೂ ಇದ್ದಳು: "ಒಳಗ ಗಾಳಿ ಆಡೂದಿಲ್ಲ, ಜೇನಹುಳ ಇಲ್ಲ. ಹೂವಿನ ಪುಡಿ ತಾನ ಹೆಂಗ ಉದುರಬೇಕ್ರಿ? ಕೈ ಹಚ್ಚಬೇಕು."

"ಕೈ ಹಚ್ಚಬೇಕಂದ್ರ ಬಾಗಲಾ ತೆಗೀಬೇಕು. ತೆಗದ್ರ ಅದು ಮಂಗಳ ಅಲ್ಲ, ಬ್ಯಾಡಗಿ," ಎಂದು ಅವನು ನಕ್ಕಿದ್ದ. ಏನಾದರೊಂದು ದಾರಿ ಹುಡುಕೋಣ ಎಂದು ಇಬ್ಬರೂ ಅಂದುಕೊಳ್ಳುವಷ್ಟರಲ್ಲಿ ಅವನಿಗೆ ಕಾಮಣಿಯಾಯಿತು. ಕಣ್ಣು ಹಳದಿಯಾದವನು ಮತ್ತೆ ಏಳಲಿಲ್ಲ.

ಪರಮೇಶಪ್ಪ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಭಾನುವಾರವಾದರೆ ಸೈಕಲ್ಲಿಗೆ ಒಂದು ನಕಾಶೆ ಸುತ್ತಿಕೊಂಡು ಮೋಟೆಬೆನ್ನೂರು, ಅಗಡಿ ಎಂದು ಊರೂರಿಗೆ ಹೋಗುತ್ತಿದ್ದ. ಗುಡಿಕಟ್ಟೆಯ ಮೇಲೆ ನಕಾಶೆ ಬಿಡಿಸಿ, ಸೂರ್ಯನ ಸುತ್ತ ಇರುವ ಲೋಕಗಳಲ್ಲೆಲ್ಲ ಮುಂದೊಂದು ಕಾಲಕ್ಕೆ ಮನುಷ್ಯರು ಹೇಗೆ ಬಾಳುವೆ ಮಾಡುತ್ತಾರೆಂದು ಹೇಳುತ್ತಿದ್ದ. "ಚಂದ್ರ ಅಂದ್ರ ಅಗಡಿ ಇದ್ದಂಗ. ಮುಂಜಾನೆ ಹಾವೇರಿಗೆ ದುಡಿಯಾಕ ಹೋಗಿ ಸಂಜಿಗೆ ಹೊಳ್ಳಿ ಬಂದಂಗ. ಮಂಗಳ ಹಂಗಲ್ರಿ. ಅಲ್ಲಿಗೆ ಮಗಳನ್ನ ಕೊಟ್ರ ಈ ಪಂಚಮಿಗೆ ಕರಿಯಾಕ ಹೋದ ಅಣ್ಣ ಬರೂ ವರ್ಷದ ಪಂಚಮಿಗೆ ಕರಕೊಂಡು ಬಂದಾನು. ಗುರುವಿನ ಚಂದ್ರರ ಮ್ಯಾಲೆ ಬರೇ ಬರ್ಫ. ನೀರಿಗೇನು ಬರ ಇಲ್ಲ, ಪಾಳಿ ಹಚ್ಚೂದು ಬ್ಯಾಡ. ಶನಿಯ ಹತ್ರ ಇದ್ದ ಗಂಡ ಫೋನಿನ್ಯಾಗ ಬೈದ್ರ ಇಲ್ಲಿದ್ದ ಹೇಣ್ತಿಗೆ ಮುಟ್ಟಾಕ ತಾಸಿನ ಮ್ಯಾಲೆ ಬೇಕು. ಅಷ್ಟರಾಗ ಅವಂದು ಸಿಟ್ಟ ಇಳಿದಿರತೈತಿ." ಜನ ನಗುತ್ತಿದ್ದರು. ನಗಲೆಂದೇ ಅವನು ಹೇಳುತ್ತಿದ್ದ. ಆದರೆ ಅದರಲ್ಲಿ ಒಂದಕ್ಷರವೂ ಅವನಿಗೆ ತಮಾಷೆಯಾಗಿರಲಿಲ್ಲ.

ಕನ್ಯೆ ನೋಡಲು ಕುಪ್ಪೇಲೂರಿಗೆ ಬಂದಾಗಲೂ ಅವನು ಅಡಿಗೆ-ಹಾಡು ಕೇಳಿರಲಿಲ್ಲ. "ಮಂಗಳಕ್ಕ ಮೊದಲ ಯಾವ ಬೀಜ ಒಯ್ಯಬೇಕು?" ಎಂದು ಕೇಳಿದ್ದ. ಹಿರಿಯರು ಮುಖ ಮುಖ ನೋಡಿಕೊಂಡರು. ನೀಲಾಂಬಿಕಾ ತಲೆ ಎತ್ತದೆ, "ಮೆಣಸಿನಕಾಯಿ," ಎಂದಿದ್ದಳು.

"ಜ್ವಾಳ ಯಾಕಲ್ಲ?"

"ಜ್ವಾಳಾನೂ ಬೇಕ್ರಿ. ಆದ್ರ ಖಾರ ಇಲ್ಲದ ರೊಟ್ಟಿ ತಿನ್ನಾಕ ಅಷ್ಟು ದೂರ ಯಾಕ ಹೋಗಬೇಕು?"

ಮದುವೆ ಅಲ್ಲೇ ಗಟ್ಟಿಯಾಗಿತ್ತು.

ಈಗ ಅವಳು ಅತ್ತಿರಲಿಲ್ಲ. ಹೆಂಗಸರು ಅಪ್ಪಿಕೊಂಡು ಅತ್ತರು, ಕಾಲುಂಗುರ ತೆಗೆದರು. ಅವಳ ಕಣ್ಣಲ್ಲಿ ಹನಿ ಬರಲಿಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು. ಒಂದೇ ಒಂದು ಮಾತು ಆ ಜೋಮಿನೊಳಗೂ ಮುಳ್ಳಿನಂತೆ ಚುಚ್ಚುತ್ತಿತ್ತು. ಹೆಣ ಎತ್ತುವ ಮುಂಚೆ ಅಂಗಳದಲ್ಲಿ ಕೂತ ಗಂಡಸರಲ್ಲಿ, ಮೆಣಸಿನಕಾಯಿ ಪೇಟೆಯ ಗುಮಾಸ್ತ ಮೈಲಾರೆಪ್ಪ ಬೀಡಿ ಹಚ್ಚುತ್ತ ಅಂದಿದ್ದ: "ಪಾಪ, ಮಂಗಳದ ಮಾಸ್ತರ. ಕಡೀಗೆ ಒಬ್ಬನ ಹೊಂಟ ನೋಡು." ಯಾರೋ ಮೂಗಿನಲ್ಲಿ ನಕ್ಕಿದ್ದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಅದೇ ಅವಳಿಗೆ ಹೆಚ್ಚು ನೋವಾದದ್ದು. ಊರು ಅವನನ್ನು ಪ್ರೀತಿಯಿಂದಲೇ ಒಂದು ನಗೆಚಾಟಿಕೆ ಮಾಡಿ ಮಣ್ಣಿಗಿಟ್ಟಿತ್ತು. ಇನ್ನು ಹತ್ತು ವರ್ಷ ಬಿಟ್ಟು ಅವನು ಆ ನಗೆಯಲ್ಲಿ ಮಾತ್ರ ಉಳಿಯುತ್ತಾನೆ.

ಚಹಾದ ಹೊತ್ತಿಗೆ ಹೆಡ್‌ಮಾಸ್ತರರು ಬಂದರು. ಜೊತೆಗೆ ಸಲಾವುದ್ದೀನ, ಕೈಯಲ್ಲಿ ಬನ್ನಿನ ಪೊಟ್ಟಣ. ಪರಮೇಶಪ್ಪನ ಗೆಳೆಯನಾದ್ದರಿಂದ ಅವನು ನೀಲಾಂಬಿಕಾಳನ್ನು ಅತ್ತಿಗೆಯ ಲೆಕ್ಕದಲ್ಲಿ ವೈನಿ ಎಂದೇ ಕರೆಯುತ್ತಿದ್ದ.

"ಯವ್ವಾ," ಎಂದರು ಹೆಡ್‌ಮಾಸ್ತರರು ನೀಲಾಂಬಿಕಾಳಿಗೆ, ಕಪಾಟಿನ ಕಡೆ ನೋಡದೆ. "ಹಾವೇರಿ ಪ್ರದರ್ಶನಕ್ಕ ಈ ಸಲ ಬ್ಯಾರೆ ಮಾದರಿ ಕಳಸಬೇಕಂತ ಮಾಡೇವಿ. ನೀವೇನು ಮನಸ್ಸಿಗೆ ಹಚ್ಚಿಗೋಬ್ಯಾಡ್ರಿ. ಮಾಸ್ತರಿದ್ದಿದ್ರ ಮಾತು ಬ್ಯಾರೆ. ಮಾತಿನ್ಯಾಗ ಗೆದಿತಿದ್ರು. ಈಗ ಬರೇ ಗಿಡಾ ಇಟ್ರ... ಕಾಯೀನೂ ಹಿಡದಿಲ್ಲ."

ದೇವವ್ವ ಬಾಗಿಲ ಬಳಿಯಿಂದ, "ಸಲಾವುದ್ದೀನಗ ಅವನ ಕಪಾಟ ಕೊಟ್ಟಬಿಡ ನೀಲಾ. ಬಸ್ ಸ್ಟ್ಯಾಂಡಿನ ಹತ್ರ ಹೊಸಾ ಅಂಗಡಿ ತಗಿಯಾಕತ್ತಾನ. ನಾಚಿಕಿಗೆ ಕೇಳವಲ್ಲ," ಎಂದಳು.

"ಯವ್ವಾ, ನಾ ಎಲ್ಲಿ ಕೇಳೇನಿ?" ಸಲಾವುದ್ದೀನ ಗಾಬರಿಯಾದ. "ಬನ್ನ ಕೊಡಾಕ ಬಂದೇನಿ. ಕಪಾಟಿನ ಸುದ್ದಿ ತಗದ್ರ ನಮ್ಮ ಮನಿಯಾಕಿ ಶರೀಫಾಬಿ ನನ್ನ ಭಟ್ಟಿಗೆ ಹಾಕ್ತಾಳ."

ನೀಲಾಂಬಿಕಾಳಿಗೆ ತನ್ನ ದನಿಯೇ ದೂರದಿಂದ ಕೇಳಿಸಿತು: "ಕಪಾಟ ನಾನ ಹಾವೇರಿಗೆ ಒಯ್ತೇನ್ರಿ, ಸರ. ಅಲ್ಲೀ ಮಟ ಬಿಡ್ರಿ ಅಣ್ಣಾ. ಆಮ್ಯಾಲೆ ತೊಳದು ನಿಮ್ಮ ಅಂಗಡಿಗೆ ಮುಟ್ಟಸ್ತೇನಿ."

"ತೋರಸೂದೇನವ್ವಾ?" ಹೆಡ್‌ಮಾಸ್ತರರು ಮೆಲ್ಲನೆ ಕೇಳಿದರು.

"ಕಾಯಿ."

ಅವರು ಅತ್ತೆಯ ಮುಖ ನೋಡಿದರು. ದೇವವ್ವ ಬಗ್ಗಿ ಚಹಾದ ಬಸಿ ಎತ್ತಿಕೊಂಡು, "ಒಯ್ಯಲಿ ಬಿಡ್ರಿ. ಮನ್ಯಾಗ ಕುಂತರ ಯಾರು ಹೊಳ್ಳಿ ಬರತಾರ?" ಎಂದಳು.

ಸತ್ತವರ ಮನೆಗೆ ಬುತ್ತಿ ತರುವುದು ನಮ್ಮ ಕಡೆಯ ಪದ್ಧತಿ. ಆ ವಾರ ಕುಪ್ಪೇಲೂರಿನಿಂದ ನೀಲಾಂಬಿಕಾಳ ಚಿಗವ್ವ ಗುತ್ತೆವ್ವ, ಓಣಿಯ ಸೋಮವ್ವನನ್ನು ಕಟ್ಟಿಕೊಂಡು, ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಬಂದಳು. ಬುಟ್ಟಿಯಲ್ಲಿ ಕಟಿರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ. ಗುತ್ತೆವ್ವ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಮಾಡುವ ಹೆಂಗಸರ ಗುಂಪಿನ ಯಜಮಾನ್ತಿ. ಸಂಜೆ ಮೊಗ್ಗು ಬಿಡಿಸಿ ಗಂಡು ಕೇಸರ ಕಿತ್ತು, ಹಾಳೆಯ ಟೊಪ್ಪಿಗೆ ಹಾಕಿ, ಮರುದಿನ ಬೆಳಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸುವ ಕೆಲಸ. ರಾಣೆಬೆನ್ನೂರು ಸೀಮೆಯ ಸುತ್ತ ಹಳ್ಳಿಗಳಲ್ಲಿ ಆ ಕೆಲಸ ಅರಿಯದ ಹೆಣ್ಣುಮಗಳಿಲ್ಲ. ನೀಲಾಂಬಿಕಾಳ ಸೂಟಿಗಳೆಲ್ಲ ಅದರಲ್ಲೇ ಕಳೆದಿದ್ದವು.

ಅತ್ತು ಮುಗಿದ ಮೇಲೆ ಸೋಮವ್ವನ ಕಣ್ಣು ಕಪಾಟಿನ ಮೇಲೆ ಬಿತ್ತು. "ಇದೇನಬೇ, ಬೀಜದ ಪ್ಲಾಟ ಪಡಸಾಲ್ಯಾಗ ಹಾಕೀರಿ?"

"ಮಂಗಳದ ಮನಿ ಅದು, ಸೋಮಕ್ಕಾ. ಅವರು ಮಾಡಿದ್ದು."

"ಹೂವೆಲ್ಲ ಉದುರ್ಯಾವಲ್ಲ. ಅಲ್ಲಿ ಜೇನಹುಳ ಇಲ್ಲೇನ?"

"ಇಲ್ಲ."

"ನೊಣ? ಪಾತರಗಿತ್ತಿ?"

"ಒಂದೂ ಇಲ್ಲ. ಮನಿಯೊಳಗ ಗಾಳೀನೂ ಬೀಸೂದಿಲ್ಲ."

ಸೋಮವ್ವ ಕೈ ತಟ್ಟಿದಳು. "ಅಯ್ಯ ನನ್ನವ್ವನ! ಅಂಥಾ ಊರು ಎಲ್ಲೈತಿ! ಇಲ್ಲಿ ಮೊಗ್ಗಿ ಮೊಗ್ಗಿಗೂ ಟೊಪಗಿ ಹಾಕಿ, ಹುಳಾ ಕಾದು ಕಾದು ಕಣ್ಣು ಹೋದ್ವು. ಒಂದ ಹುಳಾ ಹೊಕ್ರ ಸಾಕು, ಬೀಜ ಕುಲಗೆಟ್ಟತು ಅಂತ ಕಂಪನಿಯವ್ರು ಲಬೋ ಲಬೋ ಹೊಯ್ಕೋತಾರ. ಹುಳಾನ ಇಲ್ಲಂದ್ರ ಟೊಪಗಿ ಕೆಲಸಾನ ತಪ್ಪತಲ್ಲ!"

"ಬಸ್ ಐತೇನ ಅಲ್ಲಿಗೆ?" ಗುತ್ತೆವ್ವ ಗಂಭೀರವಾಗಿ ಕೇಳಿದಳು.

"ಇನ್ನೂ ಬಿಟ್ಟಿಲ್ಲ, ಚಿಗವ್ವಾ."

"ಬಿಟ್ಟಾಗ ಹೇಳು. ಮುಂದಿನ ಸೀಟ ನಮ್ಮ ಗುಂಪಿಗೆ. ಹಿಂದ ಕುಂತ್ರ ಸೋಮವ್ವ ವಾಂತಿ ಮಾಡ್ತಾಳ."

ದೇವವ್ವ ನಕ್ಕುಬಿಟ್ಟಳು. ನಕ್ಕಮೇಲೆ ಎಲ್ಲರೂ ಬೆಚ್ಚಿದರು. ಆ ಮನೆಯಲ್ಲಿ ನಗೆ ಕೇಳಿ ಬಹಳ ದಿನವಾಗಿತ್ತು.

ನೀಲಾಂಬಿಕಾ ನಗಲಿಲ್ಲ. ಆದರೆ ಜೋಮು ಹಿಡಿದ ಕೈಗೆ ಮೊದಲು ಜೀವ ಬರುವಾಗ ಇರುವೆ ಹರಿದಂತಾಗುತ್ತದಲ್ಲ, ಹಾಗೆ ಏನೋ ಒಳಗೆ ಹರಿದಾಡಿತು. ಜೇನಿಲ್ಲದ್ದನ್ನು ಅವಳೂ ಗಂಡನೂ ಒಂದು ಕೊರತೆ ಎಂದೇ ತಿಳಿದಿದ್ದರು. ಲೋಕದ ಯಾವ ಪಂಡಿತನಾದರೂ ಹಾಗೆಯೇ ತಿಳಿದಾನು. ಅದು ಅನುಕೂಲ ಎನ್ನಬಲ್ಲವರು ಭೂಮಿಯ ಮೇಲೆ ಎಷ್ಟು ಜನ? ತನ್ನ ಊರಿನವರು. ತಾನೂ.

"ಚಿಗವ್ವಾ, ನಿನ್ನ ಉಂಗುರ ಕೊಡು," ಎಂದಳು.

ಕ್ರಾಸಿಂಗ್ ಉಂಗುರಕ್ಕೆ ಹರಳಿರುವುದಿಲ್ಲ. ಹರಳಿನ ಜಾಗದಲ್ಲಿ ಪರಾಗ ತುಂಬುವ ಪುಟ್ಟ ಬಟ್ಟಲಿರುತ್ತದೆ. ಗುತ್ತೆವ್ವ ಎಲೆಯಡಿಕೆ ಚೀಲದಿಂದ ಅದನ್ನು ತೆಗೆದಳು. ಕೊಡುವ ಮುಂಚೆ ದೇವವ್ವನ ಮುಖ ನೋಡಿದಳು. ಆಭರಣ ತೆಗೆಸಿದ ಕೈಗೆ ಉಂಗುರ ಇಡುವುದೆಂದರೆ ಸಣ್ಣ ಮಾತಲ್ಲ. ದೇವವ್ವ ತಾನೇ ಅದನ್ನು ತೆಗೆದುಕೊಂಡು ಸೊಸೆಯ ಬೆರಳಿಗೆ ಹಾಕಿದಳು. "ಇದು ದುಡಿಯೂ ಉಂಗುರ," ಎಂದಳು ಅಷ್ಟೆ.

ಬಾಗಿಲು ತೆಗೆಯದೆ ಕೈ ಒಳಗೆ ಹೋಗಬೇಕು. ಧಾರವಾಡದ ಪ್ರಯೋಗಾಲಯದಲ್ಲಿ, ಹೊರಗಿನ ಸೋಂಕು ತಾಗದಂತೆ ಬೂಷ್ಟು ಬೆಳೆಸುವ ಪೆಟ್ಟಿಗೆಗೆ ರಬ್ಬರಿನ ತೋಳುಗಳಿದ್ದದ್ದು ಅವಳಿಗೆ ನೆನಪಾಯಿತು. ಪಂಕ್ಚರ್ ಅಂಗಡಿಯಿಂದ ಲಾರಿಯ ಹಳೆಯ ಟ್ಯೂಬು ತರಿಸಿದಳು. ಎರಡು ತುಂಡು ಕತ್ತರಿಸಿ, ಪ್ರತಿಯೊಂದರ ತುದಿಗೆ ದವಾಖಾನೆಯ ತೆಳು ರಬ್ಬರಿನ ಕೈಗವಸು ಕೂಡಿಸಿ, ಸಲ್ಯೂಷನ್ ಹಚ್ಚಿ ಒಣಗಿಸಿದಳು. ಕೈಗವಸಿನ ಬೆರಳಿಗೆ ಉಂಗುರ ತೊಡಿಸಿ, ಒಂದು ಸಣ್ಣ ಚಿಮಟವನ್ನು ತೋಳಿಗೂ ರಟ್ಟಿಗೂ ನಡುವೆ ಇಟ್ಟು, ತೋಳಿನ ಬಾಯನ್ನು ಕಿಂಡಿಯ ಸುತ್ತ ಹಲಗೆಗೆ ಅಂಟಿಸಿದಳು. ದೇವವ್ವ ಅಂಗೈಯಿಂದ ಒತ್ತಿ ಹಿಡಿದಳು. ಎಲ್ಲ ಗಟ್ಟಿಯಾದ ಮೇಲೆ ನೀಲಾಂಬಿಕಾ ತೋಳಿನೊಳಗೆ ಕೈ ತೂರಿಸಿ, ಗಂಡ ಅಂಟಿಸಿದ್ದ ರಟ್ಟನ್ನು ಒಳಮುಖವಾಗಿ ನೂಕಿದಳು. ರಟ್ಟು ಬಿತ್ತು. ಹೊರಗಿನ ಉಸಿರು ಒಳಗೆ ಹೋಗಲಿಲ್ಲ.

ಅವಳ ಕೈ ಮಂಗಳದಲ್ಲಿತ್ತು, ಕಾಲು ಬ್ಯಾಡಗಿಯಲ್ಲಿ.

ಆಗಷ್ಟೇ ಅರಳಿದ ಹೂವಿನ ಎಸಳು ಸರಿಸಿ, ಚಿಮಟದಿಂದ ಪುಡಿ ಕೆದರಿ ಬಟ್ಟಲಿಗೆ ಹಿಡಿದು, ಹೂವಿನ ನಡುವಿನ ಮೊನೆಗೆ ಮುಟ್ಟಿಸಿದಳು. ರಬ್ಬರಿನ ಕೈ ಮೊದಮೊದಲು ಒಡ್ಡೊಡ್ಡಾಗಿತ್ತು. ಒಂದು ಹೂ ಮುರಿಯಿತು. ನಾಲ್ಕಾರು ಹೂವಾಗುವಷ್ಟರಲ್ಲಿ ಬೆರಳಿಗೆ ಹಳೆಯ ಗತ್ತು ಬಂತು. ಎಸಳು, ಪುಡಿ, ಮೊನೆ. ಎಸಳು, ಪುಡಿ, ಮೊನೆ. ಮರುದಿನವೂ ಮಾಡಿದಳು, ಅದರ ಮರುದಿನವೂ.

ಒಂದು ಬೆಳಗ್ಗೆ ಗಾಜು ಒರೆಸುತ್ತಿದ್ದ ದೇವವ್ವ ನಿಂತಲ್ಲೇ ನಿಂತಳು. ಹೂ ಉದುರಿತ್ತು, ಆದರೆ ತೊಟ್ಟು ಉಳಿದು, ತುದಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೂಡಿತ್ತು. "ನೀಲಾ," ಎಂದಳು ಮೆಲ್ಲಗೆ, ಮಲಗಿದ ಕೂಸು ಎದ್ದೀತೆಂಬಂತೆ. "ಕಾಯಿ ಹಿಡದೈತಿ." ಅತ್ತೆ ಸೊಸೆ ಇಬ್ಬರೂ ಗಾಜಿಗೆ ಹಣೆ ಹಚ್ಚಿ ನೋಡಿದರು.

ಹಾವೇರಿಗೆ ಹೋಗುವ ಹೊತ್ತಿಗೆ ಕಾಯಿಗಳು ಕಿರುಬೆರಳಿನಷ್ಟಾಗಿ, ಬ್ಯಾಡಗಿ ಕಾಯಿಯ ಸುಕ್ಕು ಈಗಲೇ ಬಂದಂತೆ ಡೊಂಕಾಗಿ ಜೋತುಬಿದ್ದಿದ್ದವು. ಟೆಂಪೋದಲ್ಲಿ ಹುಲ್ಲು ಹಾಸಿ, ಕಪಾಟನ್ನು ಬಾಣಂತಿಯಂತೆ ಒಯ್ದರು. ಸಲಾವುದ್ದೀನ ದಾರಿಯುದ್ದಕ್ಕೂ ಅದನ್ನು ತಬ್ಬಿಕೊಂಡೇ ಕೂತಿದ್ದ. ಪ್ರದರ್ಶನದ ಸಭಾಂಗಣದಲ್ಲಿ ನೀರೆತ್ತುವ ಯಂತ್ರ, ಸೌರ ಒಲೆ, ಜ್ವಾಲಾಮುಖಿ. ಮೂಲೆಯಲ್ಲಿ ಬೇಕರಿ ಕಪಾಟು. ಪಕ್ಕದಲ್ಲಿ ಬಿಳಿ ಸೀರೆಯ ಹೆಂಗಸು ನಿಂತದ್ದು ನೋಡಿ ಜನ ದೂರದಿಂದಲೇ ಹೋಗುತ್ತಿದ್ದರು. ಹೆಡ್‌ಮಾಸ್ತರರು ಬೆವರು ಒರೆಸಿಕೊಂಡರು.

ಧಾರವಾಡದಿಂದ ಬಂದ ಪರೀಕ್ಷಕರು ಕನ್ನಡಕ ಏರಿಸಿ ಒಳಗೆ ನೋಡಿದರು. "ಮುಚ್ಚಿದ ತೋಟ. ಛಲೋ ಅದ. ಆದ್ರ ಅಲ್ಲಿ ಪರಾಗಸ್ಪರ್ಶ ಹೆಂಗ? ಜೇನುಗೂಡುಗಳನ್ನ ಒಯ್ಯಬೇಕಾಗ್ತದಲ್ಲ? ಅವು ಆ ಕಡಿಮೆ ತೂಕದಾಗ ಹಾರೂದ ಕಷ್ಟ."

"ಒಯ್ಯೂದು ಬ್ಯಾಡ್ರಿ," ಎಂದಳು ನೀಲಾಂಬಿಕಾ. ಹಿಂದೆ ಹೋಗಿ ತೋಳುಗಳಲ್ಲಿ ಕೈ ತೂರಿಸಿದಳು. ಗಾಜಿನಾಚೆ ಉಂಗುರದ ಬೆರಳು ಹೂವಿನಿಂದ ಹೂವಿಗೆ ಹೋಯಿತು. ಪರೀಕ್ಷಕರು ಬಗ್ಗಿದರು. ಹಿಂದಿದ್ದವರೂ ಬಗ್ಗಿದರು.

"ಜೇನಹುಳ ಇಲ್ಲದ್ದು ಕೊರತಿ ಅಲ್ರಿ ಸರ. ಅಲ್ಲಿ ಬೀಜ ಕುಲಗೆಡಾಕ ದಾರೀನ ಇಲ್ಲ. ಈಗ ದೇಶದ ರೈತ್ರು ಬೀಜಕ್ಕ ರಾಣೆಬೆನ್ನೂರಿಗೆ ಬರತಾರ. ಮುಂದ ಚಂದ್ರನ ಮ್ಯಾಲಿನವ್ರು, ಗುರುವಿನ ಚಂದ್ರರ ಮ್ಯಾಲಿನವ್ರು, ಶನಿ ಹತ್ರ ಮನಿ ಮಾಡಿದವ್ರು, ಎಲ್ಲಾರೂ ಬೀಜಕ್ಕ ಮಂಗಳಕ್ಕ ಬರತಾರ. ನಮ್ಮ ಯಜಮಾನ್ರು ಊರೂರಿಗೆ ಹೇಳಿದ್ರು, ಮನಿಷ್ಯಾ ಅಲ್ಲಿ ಬಾಳೇ ಬಾಳತಾನ ಅಂತ. ಯಾರು ಮೊದಲ ಹೋಗಬೇಕು ಅನ್ನೂದು ಒಂದ ಉಳಿದಿತ್ತು." ಅವಳು ತೋಳಿನಿಂದ ಕೈ ತೆಗೆದು ಗುಂಪಿನ ಹಿಂದೆ ತೋರಿಸಿದಳು. "ಇಲ್ಲಿ ನಿಂತಾರ ನೋಡ್ರಿ."

ಕುಪ್ಪೇಲೂರಿನ ಗುಂಪು ಬೆಳಗಿನ ಬಸ್ಸಿಗೇ ಬಂದಿತ್ತು. ಗುತ್ತೆವ್ವ ಸೆರಗು ಹೊದ್ದು ಮುಂದೆ ಬಂದಳು. "ಅತ್ತ ಸರೀಬೇ, ನನಗೂ ಒಂದು ಹೂವ ಬಿಡು. ಮಂಗಳಕ್ಕ ಕೈ ಹಾಕಿಲ್ಲ ಅನ್ನಬಾರದು ನನಗ." ಅವಳ ಹಿಂದೆ ಸೋಮವ್ವ, ಸೋಮವ್ವನ ಹಿಂದೆ ಉಳಿದವರು. ಒಬ್ಬೊಬ್ಬರ ಕೈಯೂ ಒಳಗೆ ಹೋಗಿ, ಚಣ ಹೊತ್ತಿನಲ್ಲಿ ಕೆಲಸ ಮುಗಿಸಿ ಹೊರಗೆ ಬರುತ್ತಿತ್ತು. ಜ್ವಾಲಾಮುಖಿಯ ಮುಂದೆ ನಿಂತ ಜನವೆಲ್ಲ ಇತ್ತ ಬಂದರು.

"ಈ ಮಾದರಿ ಯಾರದು?" ಪರೀಕ್ಷಕರು ಬರೆದುಕೊಳ್ಳಲು ಪೆನ್ನು ತೆಗೆದರು.

"ಮನಿ ಅವರದು. ಕೈ ನಮ್ಮೂರಿನವು."

ಗುಂಪಿನಲ್ಲಿ ಪೇಟೆಯ ಮೈಲಾರೆಪ್ಪನೂ ಇದ್ದ. ಹಾವೇರಿಯ ಯಾರಿಗೋ ದೊಡ್ಡ ದನಿಯಲ್ಲಿ ಹೇಳುತ್ತಿದ್ದ: "ನಮ್ಮ ಓಣಿಯವ್ರು, ಮತ್ತ! ಮಂಗಳದ ಮಾಸ್ತರ ಅಂತ, ಇಡೀ ತಾಲೂಕಿಗೆ ಹೆಸರಾದವ್ರು. ಪುಣ್ಯಾತ್ಮ ಎಲ್ಲಾ ಮೊದಲ ಹೇಳಿದ್ದ, ನಮಗ ತಿಳೀಲಿಲ್ಲ." ಅದೇ ಹೆಸರು. ಆದರೆ ಈ ಸಲ ಯಾರೂ ಮೂಗಿನಲ್ಲಿ ನಗಲಿಲ್ಲ. ನೀಲಾಂಬಿಕಾ ಎದೆ ಸೆಟೆಸಿ ನಿಂತಳು. ಕಣ್ಣು ಒದ್ದೆಯಾದದ್ದು ಅವಳಿಗೆ ಆಮೇಲೆ ತಿಳಿಯಿತು.

ಮೊದಲ ಬಹುಮಾನ ನೀರೆತ್ತುವ ಯಂತ್ರಕ್ಕೆ ಹೋಯಿತು. ಹೆಡ್‌ಮಾಸ್ತರರಿಗೆ ಸಿಟ್ಟು ಬಂತು, ಟೆಂಪೋದಲ್ಲಿ ಬ್ಯಾಡಗಿ ಬರುವವರೆಗೂ ಪರೀಕ್ಷಕರನ್ನು ಬೈದರು. 

ಕಾಯಿ ಕೆಂಪಾಗುವವರೆಗೆ ಕಾಯುವಷ್ಟು ಸಲಾವುದ್ದೀನನ ಹೊಸ ಅಂಗಡಿಗೆ ಪುರುಸೊತ್ತಿರಲಿಲ್ಲ. ನೀಲಾಂಬಿಕಾ ಪುಟ್ಟಿ ಕೆತ್ತಿ ಬಾಗಿಲು ತೆಗೆದಳು. ಒಳಗಿನ ಬೆಚ್ಚನೆಯ, ಹಸಿ ಮಣ್ಣಿನ ಉಸಿರು ಮುಖಕ್ಕೆ ಬಂತು; ಗಂಡ ಮುಚ್ಚಿದ ದಿನದ ಹವೆ. ಅದು ಹೋಗುವವರೆಗೆ ಅಲ್ಲೇ ನಿಂತಳು. ಆಮೇಲೆ ಗಿಡವನ್ನು ಹಿತ್ತಲಲ್ಲಿ ನೆಟ್ಟು, ಗಾಜನ್ನು ಬೂದಿಯಿಂದ ತಿಕ್ಕಿ ತೊಳೆದಳು. ಟ್ಯೂಬಿನ ತೋಳು ಕಿತ್ತರೂ ಕಿಂಡಿಯ ಸುತ್ತ ಸಲ್ಯೂಷನ್ನಿನ ಕರಿ ಕಲೆ ಹೋಗಲಿಲ್ಲ. ಎರವಲು ತಂದ ಸಾಮಾನು ಬರಿದೇ ಹಿಂದಕ್ಕೆ ಕೊಡಬಾರದು. ಒಂದು ಹಿಡಿ ಹಸಿರು ಕಾಯಿಯನ್ನು ಬಾಳೆಯೆಲೆಯ ಮೇಲೆ ಹರಡಿ ಒಳಗಿಟ್ಟು, ಕೈಗಾಡಿಯ ಜೊತೆ ತಾನೇ ನಡೆದು ಸ್ಟ್ಯಾಂಡಿನವರೆಗೆ ಹೋದಳು.

"ಕಲಿ ಉಳದೈತಿ, ಅಣ್ಣಾ," ಎಂದಳು. "ಬಣ್ಣಾ ಹಚ್ಚಿಸಿ ಕೊಡ್ತೇನಿ."

"ಏನು ಬ್ಯಾಡ್ರಿ ವೈನಿ." ಸಲಾವುದ್ದೀನ ಕಪಾಟನ್ನು ಹಿಂದಿನ ಕೋಣೆಗೆ ಒಯ್ಯಲು ನಿಂತ ಆಳುಗಳನ್ನು ತಡೆದ. "ಏ, ಮುಂದ ಇಡ್ರಿ, ಗಿರಾಕಿಗೆ ಕಾಣುವಂಗ. ಬೆನ್ನು ರಸ್ತಾದ ಕಡೆ. ಮಂಗಳದ ಕಿಂಡಿ ಕಾಣಬೇಕು."

"ಬೆನ್ನು ತೋರಿಸಿ ಅಂಗಡಿ ಹಾಕ್ತಾರೇನ್ರಿ?" ಶರೀಫಾಬಿ ಒಳಗಿನಿಂದ ಬಂದು ಗಂಡನಿಗೆ ಗದರಿದಳು. ಆಮೇಲೆ ಕರಿ ಕಲೆಯ ಕಿಂಡಿಯಲ್ಲಿ ತನ್ನ ಬಳೆಯ ಕೈ ತೂರಿಸಿ, ಒಂದು ಮೆಣಸಿನಕಾಯಿ ತೆಗೆದು, ಅರ್ಧ ಕಚ್ಚಿದಳು. ಕಣ್ಣಲ್ಲಿ ನೀರು ಬರುವವರೆಗೆ ಅಗಿದಳು. "ಹಸಿ ಇದ್ರೂ ಖರೇ ಖಾರ ಐತಿ ನಿಮ್ಮ ಮಂಗಳ," ಎಂದಳು. "ಆತು, ಬೆನ್ನು ಆ ಕಡೀನ ಇರಲಿ."

ನೀಲಾಂಬಿಕಾ ಸೆರಗಿನ ಗಂಟು ಬಿಚ್ಚಿ, ಕಪಾಟಿನ ಕೀಲಿಕೈ ತೆಗೆದು ಸಲಾವುದ್ದೀನನ ಅಂಗೈಯಲ್ಲಿಟ್ಟಳು.